ಸಾಲ ಮಾಡಿ ಸ್ಕೋಪ್ ಕೊಳ್ಳಬೇಡಿ

(ಕೊಡಗಿನ ಹಳ್ಳಿಯೊಂದರಲ್ಲಿ, ಕೈಲ್ ಮುಹೂರ್ತಕ್ಕೆ ಒಂದು ವಾರ ಮುಂಚೆ ನಡೆದ ರೈತರ ಸಭೆಯಲ್ಲಿ ಆಡಿದ ಮಾತು)

ಸಭೆ ಕರೆದಿದ್ದು ಕಾಫಿ ಧಾರಣೆ ಮತ್ತು ಸಾಲದ ವಿಷಯ ಮಾತಾಡೋದಕ್ಕೆ. ಇವನೇನು ಕೋವಿ ಪುರಾಣ ತೆಗೆದ ಅಂತ ಹಿರಿಯರು ಬೇಸರ ಮಾಡಬೇಡಿ. ಸಾಲ ಅಂದರೆ ಬ್ಯಾಂಕಿನ ಬೆಳೆ ಸಾಲ ಒಂದೇ ಅಲ್ಲ. ಶೋಕಿಗೆ ಅಂತ ವ್ಯಾಪಾರಿಯ ಹತ್ತಿರ ತಂದ ಮುಂಗಡವೂ ಸಾಲವೇ. ಮುಂದಿನ ವಾರ ಹಬ್ಬ. ಕೋವಿಗಳು ಹೊರಗೆ ಬರುತ್ತವೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ನಮ್ಮ ಹುಡುಗರು ಈಗಾಗಲೇ ಸ್ಕೋಪ್ ಬೆಲೆ ವಿಚಾರಿಸುತ್ತಾ ಇದ್ದಾರೆ. ಅದಕ್ಕೇ ಈ ಮಾತು.

ಮೊದಲು ನನ್ನ ದಡ್ಡತನ ಹೇಳಿಬಿಡ್ತೀನಿ. ಕೆಲವು ವರ್ಷದ ಹಿಂದೆ ನನ್ನ .22 ರೈಫಲಿಗೆ 6-24×50 ಅಂತ ಬರೆದಿದ್ದ ದೊಡ್ಡ ಸ್ಕೋಪ್ ಒಂದನ್ನು 18 ಸಾವಿರಕ್ಕೆ ತಂದೆ. ಕೈಯಲ್ಲಿದ್ದದ್ದು 6 ಸಾವಿರ. ಉಳಿದ 12 ಸಾವಿರ ಕಾಫಿ ವ್ಯಾಪಾರಿಯ ಮುಂಗಡ, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ತಿಂಗಳಿಗೆ 360, ವರ್ಷಕ್ಕೆ 4,320 ರೂಪಾಯಿ. ಅಲ್ಲಿಗೇ ಮುಗಿಯಲಿಲ್ಲ. ಮುಂಗಡ ತಿಂದವನು ಅವನಿಗೇ ಕಾಫಿ ಹಾಕಬೇಕಲ್ಲ? ಮೂಟೆಗೆ 100 ರೂಪಾಯಿ ಕಮ್ಮಿ ಹಿಡಿದ. 40 ಮೂಟೆಗೆ 4 ಸಾವಿರ ಹೋಯಿತು. ಒಟ್ಟು 8,320 ರೂಪಾಯಿ ದಂಡ, ಅಸಲು ಹಾಗೇ ಬಾಕಿ. ಸ್ಕೋಪ್ ಮೊದಲನೇ ಮಳೆಗಾಲಕ್ಕೇ ಒಳಗೆ ಮಂಜು ಹಿಡಿದು ಅಟ್ಟ ಸೇರಿತು. ಗುರಿ ತಪ್ಪಿದ್ದು ಕೋವಿಯದಲ್ಲ ಸ್ವಾಮಿ, ನನ್ನದು.

ಆದ್ದರಿಂದ ಮೊದಲ ಪ್ರಶ್ನೆ: ಸ್ಕೋಪ್ ಬೇಕೇ ಬೇಕಾ?

ನಳಿಗೆಯ ಒಳಗೆ ಸುರುಳಿ ಗೀರು ಇದ್ದರೆ ಅದು ರೈಫಲ್. ಆ ಗೀರು ಗುಂಡನ್ನು ತಿರುಗಿಸಿ ನೆಟ್ಟಗೆ ಕಳಿಸುತ್ತದೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಇರೋದು ಕೇಪಿನ ಕೋವಿ, ಇಲ್ಲವೇ 12 ಬೋರಿನ ತೋಟಾ ಕೋವಿ. ಅವುಗಳ ನಳಿಗೆ ಒಳಗೆ ನುಣುಪು. ಅದರ ಮೇಲೆ ಎಷ್ಟು ಬೆಲೆಯ ಸ್ಕೋಪ್ ಕೂರಿಸಿದರೂ ಚರೆ ಹರಡುವುದು ಹರಡಿಯೇ ಹರಡುತ್ತದೆ. ನುಣುಪು ನಳಿಗೆಯವರು ಇಲ್ಲಿಗೇ ಕಿಸೆ ಮುಚ್ಚಿಕೊಳ್ಳಬಹುದು.

ಮಕ್ಕಳನ್ನು 10 ಮೀಟರ್ ಏರ್ ರೈಫಲ್ ಕ್ರೀಡೆಗೆ ಕಳಿಸುವವರೂ ಕೇಳಿ. ಅಂತರರಾಷ್ಟ್ರೀಯ ನಿಯಮದ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಸಣ್ಣ ತೂತಿನ ಗುರಿಯಲ್ಲೇ ಹೊಡೀಬೇಕು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಹಾಗೆಯೇ. ಊರ ಸ್ಪರ್ಧೆಯಾದರೆ ನಡೆಸುವವರನ್ನು ಮೊದಲು ಕೇಳಿ: ಸ್ಕೋಪ್ ಬಿಡ್ತೀರಾ, ಇಲ್ವಾ? ಕೇಳೋದಕ್ಕೆ ದುಡ್ಡು ಬೇಕಾಗಿಲ್ಲ.

ಇಷ್ಟಾದ ಮೇಲೂ ಬೇಕು ಅನ್ನುವವರು ಅಂಕಿ ಓದೋದು ಕಲೀರಿ. 4×32 ಅಂದರೆ ವಸ್ತು ನಾಲ್ಕು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 32 ಮಿಲಿಮೀಟರ್ ಅಗಲ. 3-9×40 ಅಂದರೆ ಮೂರರಿಂದ ಒಂಬತ್ತು ಪಟ್ಟಿನವರೆಗೆ ತಿರುಗಿಸಬಹುದು. ಅಂಗಡಿಯವನು ದೊಡ್ಡ ಅಂಕಿ ತೋರಿಸಿ ದೊಡ್ಡ ಬೆಲೆ ಹೇಳುತ್ತಾನೆ. ನೀವು ಒಂದು ಭಾಗಾಕಾರ ಮಾಡಿ. ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ, ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 32ನ್ನು 4ರಿಂದ ಭಾಗಿಸಿದರೆ 8 ಮಿಲಿಮೀಟರ್. ನನ್ನ 50ನ್ನು 24ರಿಂದ ಭಾಗಿಸಿದರೆ 2ರ ಹತ್ತಿರ. ಸಂಜೆಗತ್ತಲಲ್ಲಿ ನಮ್ಮ ಕಣ್ಣಿನ ಪಾಪೆ 5 ಮಿಲಿಮೀಟರಿಗಿಂತ ಹೆಚ್ಚಾಗಿಯೂ ತೆರೆದುಕೊಳ್ಳಬಹುದು. ಆಗ 2ರ ಬಿಲ್ಲೆಯಲ್ಲಿ ಕಾಣೋದು ಮಬ್ಬು. ಹೆಚ್ಚು ಪಟ್ಟು ಹಾಕಿದಷ್ಟೂ ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. 50 ಗಜದ .22 ಆಟಕ್ಕೆ 4×32 ಧಾರಾಳವಾಗಿ ಸಾಕು. ತಿರುಗಿಸುವ ಭಾಗ ಇಲ್ಲದ ಕಾರಣ ಅದೇ ಬೆಲೆಗೆ ಗಾಜೂ ಒಳ್ಳೆಯದು ಸಿಗುತ್ತದೆ.

ಇನ್ನೊಂದು ಸೂಕ್ಷ್ಮ. ಸ್ಕೋಪಿನಲ್ಲಿ ನೋಡುತ್ತಾ ತಲೆಯನ್ನು ಸ್ವಲ್ಪ ಆಚೀಚೆ ಮಾಡಿ. ಒಳಗಿನ ಗೆರೆ ಗುರಿಯ ಮೇಲೆ ಜಾರಿದಂತೆ ಕಂಡರೆ ಆ ದೂರಕ್ಕೆ ಅದು ಹೊಂದಿಲ್ಲ. ದೊಡ್ಡ ರೈಫಲಿನ ಸ್ಕೋಪನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ, .22ರದ್ದನ್ನು 50 ಗಜಕ್ಕೆ. ಯಾವುದಕ್ಕೆ ಹೊಂದಿಸಿದ್ದು ಅಂತ ಕೇಳಿಯೇ ತಗೊಳ್ಳಿ. ಏರ್ ಗನ್ನಿಗೆ ಇನ್ನೂ ಹತ್ತಿರದ ಹೊಂದಾಣಿಕೆ ಬೇಕು. ಸ್ಪ್ರಿಂಗಿನ ಏರ್ ಗನ್ನು ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ, ಅದಕ್ಕೆಂದೇ ಮಾಡದ ಸ್ಕೋಪ್ ಬೇಗ ಕೆಡುತ್ತದೆ.

ನಮ್ಮ ಮಳೆ ನಿಮಗೆ ಗೊತ್ತೇ ಇದೆ. ಒಳಗಿನ ಗಾಳಿ ತೆಗೆದು ನೈಟ್ರೋಜನ್ ತುಂಬಿ ಮುಚ್ಚಿದ ಸ್ಕೋಪಿಗೆ ಮಾತ್ರ ದುಡ್ಡು ಕೊಡಿ. ನೀರು ಹೋಗಲ್ಲ ಅಂತ ಕಂಪನಿಯೇ ಬರೆದುಕೊಟ್ಟಿದ್ದರೆ, ವಾಪಸು ಮಾಡುವ ಅವಧಿಯೊಳಗೇ ಉಗುರುಬೆಚ್ಚನೆ ನೀರಿನ ಬಕೆಟಿನಲ್ಲಿ ಮುಳುಗಿಸಿ. ಗುಳ್ಳೆ ಎದ್ದರೆ ಹಿಂದಕ್ಕೆ ಕೊಡಿ. ಬಿಲ್ ಇಲ್ಲದೆ ಕೊಳ್ಳಲೇಬೇಡಿ.

ಸ್ಕೋಪನ್ನು ಹಿಡಿದು ಕೂರಿಸುವ ಮೌಂಟಿನಲ್ಲಿ ಜಿಪುಣತನ ಬೇಡ. .22ಕ್ಕೂ ಏರ್ ಗನ್ನಿಗೂ ಬಹಳ ಕಡೆ 11 ಮಿಲಿಮೀಟರಿನ ಗಾಡಿ ಇರುತ್ತದೆ. ನಿಮ್ಮದನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ. ಕೊಳವೆ ಒಂದು ಇಂಚಿನದೋ 30 ಮಿಲಿಮೀಟರಿನದೋ ನೋಡಿ, ಬಳೆ ಅದೇ ಅಳತೆಯದಿರಲಿ. ಮೌಂಟ್ ಸಡಿಲವಾದರೆ ಎಂಥ ಸ್ಕೋಪೂ ಸುಳ್ಳು ಹೇಳುತ್ತದೆ.

ಗುರಿ ಕೂರಿಸುವ ಲೆಕ್ಕವೂ ಸುಲಭ. ಬಹಳ ಸ್ಕೋಪುಗಳಲ್ಲಿ ಒಂದು ಕ್ಲಿಕ್ ಅಂದರೆ 100 ಗಜದಲ್ಲಿ ಕಾಲಿಂಚು. 50 ಗಜದಲ್ಲಿ ಅದು ಅರೆಕಾಲಿಂಚು, 25 ಗಜದಲ್ಲಿ ಇಂಚಿನ ಹದಿನಾರನೇ ಒಂದು ಭಾಗ. 25 ಗಜದಲ್ಲಿ ಗುಂಡು ಒಂದಿಂಚು ಎಡಕ್ಕೆ ಹೋದರೆ ಬಲಕ್ಕೆ 16 ಕ್ಲಿಕ್. ಲೆಕ್ಕ ಗೊತ್ತಿಲ್ಲದವನು ಸುಮ್ಮನೆ ತಿರುಗಿಸುತ್ತಾ ಒಂದು ಪೆಟ್ಟಿಗೆ ತೋಟಾ ಖಾಲಿ ಮಾಡುತ್ತಾನೆ. ಅದೂ ದುಡ್ಡೇ. ಹಳೆಯ ಸ್ಕೋಪ್ ಕೊಳ್ಳುವವರು ಇದನ್ನೇ ಪರೀಕ್ಷೆಗೆ ಬಳಸಿ. 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ ತಿರುಗಿಸುತ್ತಾ ಒಂದೊಂದು ಗುಂಡು ಹೊಡೆಯಿರಿ. ಕೊನೆಯದು ಮೊದಲು ಹೊಡೆದ ಜಾಗಕ್ಕೇ ಬರಬೇಕು. ಬರದಿದ್ದರೆ ಅದು ಎಷ್ಟು ಅಗ್ಗವಾದರೂ ದುಬಾರಿಯೇ.

ಇನ್ನು ಕೊನೆಯ ಎರಡು ಮಾತು. .22 ತೋಟಾ ಸಣ್ಣದು ಅಂತ ಸಸಾರ ಮಾಡಬೇಡಿ, ಅದರ ಗುಂಡು ಒಂದೂವರೆ ಮೈಲಿಯವರೆಗೂ ಹೋಗಬಲ್ಲದು. ಗುರಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಹೊಡೀಬೇಡಿ. ತೋಟದಲ್ಲಿ ಅಲ್ಲಾಡಿದ್ದೇನು ಅಂತ ನೋಡೋದಕ್ಕೆ ಸ್ಕೋಪ್ ಎತ್ತಬೇಡಿ. ಸ್ಕೋಪ್ ಎತ್ತಿದರೆ ಕೋವಿಯನ್ನೂ ಎತ್ತಿದ ಹಾಗೆ. ಅಲ್ಲಿ ಕಾಫಿ ಕುಯ್ಯುವ ಹೆಣ್ಣುಮಗಳು ಇರಬಹುದು.

ಎರಡನೆಯದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋದಕ್ಕೆ, ಬೇಟೆಗಲ್ಲ. ಹಂದಿ ಗದ್ದೆ ಉತ್ತಿ ಹಾಕಿದ ಸಂಕಟ ನನಗೂ ಗೊತ್ತು. ಆದರೂ ಅನುಮತಿ ಇಲ್ಲದೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಬೆಳೆ ಹಾನಿಗೆ ಪರಿಹಾರವನ್ನು ಸಂಘಟಿತರಾಗಿ ಕೇಳೋಣ, ಕೇಸು ಹಾಕಿಸಿಕೊಂಡು ವಕೀಲರ ಫೀಸಿಗೆ ಮತ್ತೆ ಮುಂಗಡ ತರುವುದು ಬೇಡ.

ಬಂಧುಗಳೇ, ಆಟ ಬೇಡ ಅಂತ ನಾನು ಹೇಳ್ತಾ ಇಲ್ಲ. ದುಡಿಯುವವನಿಗೂ ಹಬ್ಬ ಬೇಕು. ಆದರೆ ಸ್ಕೋಪಿನ ದುಡ್ಡು ಕಾಫಿ ಮಾರಿದ ಮೇಲೆ, ಗೊಬ್ಬರದ ಬಾಕಿ ತೀರಿದ ಮೇಲೆ ಉಳಿದದ್ದರಿಂದ ಬರಲಿ. ಈ ವರ್ಷ ಉಳಿಯದಿದ್ದರೆ ಕೋವಿಯ ಮೇಲಿರುವ ಕಬ್ಬಿಣದ ಗುರಿಯಲ್ಲೇ ಹೊಡೆಯೋಣ. ನಮ್ಮ ಅಜ್ಜಂದಿರು ತೆಂಗಿನಕಾಯಿ ಒಡೆದದ್ದು ಅದರಲ್ಲೇ. ಮುಂಗಡ ಇಲ್ಲದವನು ಮಾತ್ರ ತನ್ನ ಕಾಫಿಯನ್ನು ಒಳ್ಳೆಯ ಧಾರಣೆ ಕೊಟ್ಟವನಿಗೆ ಮಾರಬಲ್ಲ. ನಮ್ಮ ಗುರಿ ಅಲ್ಲಿರಲಿ.