ಕೆಂಪು ಪೆಟ್ಟಿಗೆಯ ಒಳಗೆ ಏನಿದೆ?



ಹೊರಗೆ ಮುಂಬಯಿಯ ಮಳೆ ಸುರಿಯುತ್ತಿರುವಾಗ ಬೆಂಕಿಯ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಇದು ಜುಲೈ ತಿಂಗಳು. ಜನವರಿ ಮತ್ತು ಜುಲೈ, ವರ್ಷಕ್ಕೆ ಎರಡು ಸಲ, ನಮ್ಮ ಕಟ್ಟಡಗಳ ಬಗ್ಗೆ ಒಂದು ಕಾಗದ ಅಗ್ನಿಶಾಮಕ ದಳದ ಕಚೇರಿಗೆ ಹೋಗಬೇಕು. ಅದರ ಹೆಸರು ‘ಫಾರ್ಮ್ ಬಿ’. ನಿಮ್ಮ ಸೊಸೈಟಿಯಿಂದ ಹೋಗಿದೆಯೇ? ಹೋಗಿದ್ದರೆ, ಅದರಲ್ಲಿ ಬರೆದದ್ದು ನಿಜವೇ?

ಅಗ್ನಿಶಾಮಕ ದಳ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಗಂಟೆ ಬಾರಿಸುತ್ತ ಓಡುವ ಕೆಂಪು ಗಾಡಿ. ಆದರೆ ಬೈಕುಲಾದಲ್ಲಿರುವ ಮುಖ್ಯ ಕಚೇರಿಯಲ್ಲಿ ಗಾಡಿಗಳಷ್ಟೇ ಅಲ್ಲ, ಕಡತಗಳೂ ಇವೆ. ಎತ್ತರದ ಕಟ್ಟಡದ ನಕ್ಷೆ ಮೊದಲು ಅವರ ಮೇಜಿಗೆ ಬರಬೇಕು. ಮೆಟ್ಟಿಲು ಎಷ್ಟು ಅಗಲ, ಗಾಡಿ ಒಳಗೆ ತಿರುಗಲು ಜಾಗವಿದೆಯೇ, ನೀರಿನ ಟ್ಯಾಂಕಿ ಎಲ್ಲಿ, ಜನ ಆಶ್ರಯ ಪಡೆಯುವ ‘ರೆಫ್ಯೂಜ್ ಏರಿಯಾ’ ಎಲ್ಲಿ ಎಂದು ನೋಡಿಯೇ ಒಪ್ಪಿಗೆ. ಕಟ್ಟಡ ಮುಗಿದ ಮೇಲೆ ಮತ್ತೊಮ್ಮೆ ತಪಾಸಣೆ.

ಆಮೇಲೆ? ಆಮೇಲಿನ ಹೊಣೆ ನಮ್ಮದು. ಮಹಾರಾಷ್ಟ್ರದ ಅಗ್ನಿ ತಡೆ ಮತ್ತು ಜೀವ ಸುರಕ್ಷಾ ಕಾಯ್ದೆ 2006ರದ್ದು. ಜಾರಿಗೆ ಬಂದದ್ದು 2008ರಲ್ಲಿ. ಬೆಂಕಿ ನಂದಿಸುವ ಸಲಕರಣೆಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕಾದವರು ಮಾಲೀಕರು ಅಥವಾ ಅಲ್ಲಿ ವಾಸಿಸುವವರು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಲೈಸೆನ್ಸ್ ಪಡೆದ ಏಜೆನ್ಸಿಯವರು ಬಂದು ಪರೀಕ್ಷಿಸಿ ಫಾರ್ಮ್ ಬಿ ಕೊಡುತ್ತಾರೆ, ನಾವು ಅದನ್ನು ಸಲ್ಲಿಸುತ್ತೇವೆ. ಅಧಿಕಾರಿಗಳು ಯಾವಾಗ ಬೇಕಾದರೂ ಬಂದು ನೋಡಬಹುದು, ನೋಟಿಸು ಕೊಡಬಹುದು. ಕೇಳದಿದ್ದರೆ ನೀರು, ವಿದ್ಯುತ್ ಕಡಿತಕ್ಕೂ ಅವಕಾಶವಿದೆ. ಆದರೆ ಇಷ್ಟು ದೊಡ್ಡ ನಗರದಲ್ಲಿ ಪ್ರತಿ ಕಟ್ಟಡದ ಪ್ರತಿ ನಲ್ಲಿಯನ್ನು ಅವರೇ ತಿರುಗಿಸಿ ನೋಡಲು ಸಾಧ್ಯವೇ?

ನಮ್ಮ ಬಿಲ್ಡಿಂಗಿನ ಕಥೆಯನ್ನೇ ಹೇಳುತ್ತೇನೆ. ಒಂದು ಭಾನುವಾರ ಅಗ್ನಿಶಾಮಕ ದಳದವರು ಅಣಕು ಕಾರ್ಯಾಚರಣೆಗೆ ಬಂದರು. ಆರನೇ ಮಹಡಿಯ ಕೆಂಪು ಪೆಟ್ಟಿಗೆಗೆ ಬೀಗ. ಕೀಲಿ ಯಾರ ಹತ್ತಿರ ಇದೆಯೆಂದು ವಾಚ್‌ಮನ್‌ಗೂ ಗೊತ್ತಿಲ್ಲ. ಒಡೆದು ನೋಡಿದರೆ ಒಳಗೆ ಹಳೆಯ ಪೇಪರು, ಒಂದು ಜೋಡಿ ಚಪ್ಪಲಿ. ಹೋಸ್ ಪೈಪು ಇತ್ತು, ಅದರ ತುದಿಯ ಹಿತ್ತಾಳೆ ನಾಝಲ್ ಇರಲಿಲ್ಲ. ಗುಜರಿಗೆ ಹೋಗಿರಬೇಕು. ಕೆಳಗಿನ ಪಂಪು ತಾನಾಗಿ ಚಾಲೂ ಆಗಬೇಕಾದದ್ದು, ಆಗಾಗ ಸದ್ದು ಮಾಡುತ್ತದೆಂದು ಯಾರೋ ಆಫ್ ಮಾಡಿಟ್ಟಿದ್ದರು. ನಲ್ಲಿ ತಿರುಗಿಸಿದಾಗ ಬಂದದ್ದು ಬರೀ ಗಾಳಿ.

ಅದೇ ವರ್ಷದ ಜನವರಿಯ ಫಾರ್ಮ್ ಬಿ ನಮ್ಮ ಫೈಲಿನಲ್ಲಿ ಭದ್ರವಾಗಿತ್ತು. ಎಲ್ಲವೂ ಸರಿಯಾಗಿದೆ ಎಂದು ಅದರಲ್ಲಿ ಬರೆದಿತ್ತು, ಸಹಿಯೂ ಇತ್ತು. ಏಜೆನ್ಸಿಯವರು ಬಂದಾಗ ಜೊತೆಗೆ ಮಹಡಿ ಹತ್ತಿದವರು ನಮ್ಮಲ್ಲಿ ಯಾರೂ ಇಲ್ಲ. ಚಹಾ ಕೊಟ್ಟು ಕಾಗದ ತೆಗೆದುಕೊಂಡಿದ್ದೆವು. ಆಗ ಸಮಿತಿಯಲ್ಲಿ ನಾನೂ ಇದ್ದೆ.

ಆ ಅಧಿಕಾರಿ ಬೈಯಲಿಲ್ಲ. ಮೆಟ್ಟಿಲಲ್ಲಿ ಇಟ್ಟಿದ್ದ ಶೂ ರ್‍ಯಾಕು, ಸೈಕಲ್ಲು ತೋರಿಸಿ, ಹೊಗೆ ತುಂಬಿದಾಗ ನೀವು ಕಣ್ಣು ಮುಚ್ಚಿಕೊಂಡು ಇಳಿಯಬೇಕಾಗುತ್ತದೆ, ಇವುಗಳನ್ನು ಹೇಗೆ ದಾಟುತ್ತೀರಿ ಎಂದಷ್ಟೇ ಕೇಳಿದರು. 2017ರ ಡಿಸೆಂಬರ್ 29ರ ನಡುರಾತ್ರಿ ಕಮಲಾ ಮಿಲ್ಸ್ ಆವರಣದ ರೆಸ್ಟೋರೆಂಟುಗಳಿಗೆ ಬೆಂಕಿ ಬಿದ್ದಾಗ ತೀರಿಕೊಂಡ 14 ಮಂದಿಯಲ್ಲಿ ಹೆಚ್ಚಿನವರು ಶೌಚಾಲಯದತ್ತ ಓಡಿ ಉಸಿರುಗಟ್ಟಿದವರು. ಕೊಂದದ್ದು ಜ್ವಾಲೆಗಿಂತ ಹೊಗೆ.

ನಮ್ಮವರಲ್ಲಿ ಹೋಟೆಲ್ ಉದ್ಯಮದವರು ಬಹಳ, ಅವರಿಗೆ ಒಂದು ಮಾತು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ವಾಸನೆ ಬಂದಾಗ ಫ್ಯಾನಿನ ಸ್ವಿಚ್ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬೆಂಕಿ ಹೊತ್ತಿದ್ದರೆ 101. ಒಲೆಯ ಮೇಲಿನ ಚಿಮಣಿಯ ಕೊಳವೆಯಲ್ಲಿ ಕಟ್ಟಿಕೊಂಡ ಎಣ್ಣೆ ಜಿಡ್ಡನ್ನು ತೆಗೆಸಿ. ಊರಿನಿಂದ ಬಂದ ಹುಡುಗರು ಮಹಡಿಯ ಮೇಲೆ ಮಲಗುತ್ತಾರಲ್ಲ, ಅವರ ಬಾಗಿಲಿಗೆ ಹೊರಗಿನಿಂದ ಶಟರ್ ಎಳೆದು ಬೀಗ ಹಾಕುವ ರೂಢಿ ಕೆಲವೆಡೆ ಇದೆ. ಇದನ್ನು ನಾನು ಮೆತ್ತಗೆ ಹೇಳಲಾರೆ. ಅದು ತಪ್ಪು.

ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ದಳದವರು ಶಾಲೆ, ಕಚೇರಿಗಳಿಗೆ ಬಂದು ಇಂಥದ್ದನ್ನೆಲ್ಲ ಕಲಿಸುತ್ತಾರೆ. ಆ ದಿನಾಂಕ ಮುಂಬಯಿಯದೇ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೈನ್’ ಹಡಗಿಗೆ ಬೆಂಕಿ ಹತ್ತಿತು. ಹತ್ತಿಯ ಮೂಟೆಗಳನ್ನೂ ಸ್ಫೋಟಕಗಳನ್ನೂ ಒಂದೇ ಹಡಗಿನಲ್ಲಿ ತುಂಬಿದ್ದರು. ನೀರು ಹಾಯಿಸುತ್ತಿದ್ದಾಗಲೇ ಹಡಗು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಹಡಗು ತುಂಬಿದವರ ತಪ್ಪಿಗೆ ಬೆಲೆ ಕೊಟ್ಟವರು ಆರಿಸಲು ಬಂದವರು.

ಈ ಸಲ ನಮ್ಮಲ್ಲಿ ತಪಾಸಣೆ ಹೋದ ಶನಿವಾರ ನಡೆಯಿತು. ಏಜೆನ್ಸಿಯ ಹುಡುಗನ ಜೊತೆ ನಾವು ಮೂವರು ಒಂದೊಂದೇ ಮಹಡಿ ಹತ್ತಿದೆವು. ಆರನೆಯದರಲ್ಲಿ ನೀರು ಚಿಮ್ಮಿತು. ಒಂಬತ್ತನೆಯದರಲ್ಲಿ ಒತ್ತಡ ಸಾಲದು, ಕವಾಟ ಬದಲಿಸಬೇಕು. ಅದಾಗುವವರೆಗೆ ಸಹಿ ಬೇಡವೆಂದು ನಾವೇ ಹೇಳಿ ಕಳಿಸಿದ್ದೇವೆ. ಪ್ಲಂಬರ್ ಬುಧವಾರ ಬರುತ್ತಾನಂತೆ.