ಆಮದು ಸುಂಕವೂ ರೇಷ್ಮೆ ಗೂಡಿನ ಬೆಲೆಯೂ



‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ನಿಮಗೆಲ್ಲ ಗೊತ್ತೇ ಇದೆ. ಸುಂಕದವನು ಯಾರ ಕಷ್ಟಕ್ಕೂ ಕರಗುವವನಲ್ಲ ಎಂದು ಅದರ ಅರ್ಥ. ಆದರೆ ರೇಷ್ಮೆಯ ವಿಷಯದಲ್ಲಿ ನಾವೇ ಸುಂಕದವನನ್ನು ಕರೆದು, ‘ಸ್ವಾಮಿ, ಬಂದರಿನಲ್ಲಿ ಕೂತು ಪರದೇಶದ ನೂಲನ್ನು ತಡೆಯಿರಿ’ ಎಂದು ಕೇಳುತ್ತಾ ಬಂದಿದ್ದೇವೆ. ಹೀಗೆ ಕೇಳುವುದು ಸರಿಯೇ? ಸರಿಯಾದರೆ ಅದರಿಂದ ಯಾರಿಗೆ ಎಷ್ಟು ಲಾಭ, ಯಾರಿಗೆ ನಷ್ಟ? ಇವತ್ತು ಇದನ್ನು ಲೆಕ್ಕ ಹಾಕಿ ನೋಡೋಣ.

ಮೊದಲು ಹಿಂದಿನ ಸಂಗತಿ. 1930ರ ಸುಮಾರಿಗೆ ಪ್ರಪಂಚದಲ್ಲೆಲ್ಲ ವ್ಯಾಪಾರ ಕುಸಿಯಿತು. ಜಪಾನು, ಚೀನಾಗಳ ಅಗ್ಗದ ರೇಷ್ಮೆ ನಮ್ಮ ಪೇಟೆಗಳಲ್ಲಿ ತುಂಬಿಕೊಂಡಿತು. ಮೈಸೂರು ಸೀಮೆಯ ರೈತರು ಬಹಳ ಕಷ್ಟಕ್ಕೆ ಸಿಕ್ಕಿದರು. ಆಗ ಸುಂಕ ಮಂಡಲಿಯವರು ವಿಚಾರಣೆ ನಡೆಸಿದರು. 1934ರಲ್ಲಿ ನಮ್ಮ ರೇಷ್ಮೆಗೆ ರಕ್ಷಣಾ ಸುಂಕ ದೊರೆಯಿತು. ಆಮೇಲೆ ಎರಡನೇ ಮಹಾಯುದ್ಧ ಬಂತು. ಜಪಾನಿನ ಮಾಲು ನಿಂತಿತು, ಪ್ಯಾರಾಚೂಟ್ ಬಟ್ಟೆಗಾಗಿ ರೇಷ್ಮೆಗೆ ಬೇಡಿಕೆ ಏರಿತು. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಸ್ಥಾಪನೆಯಾಯಿತು. ಹೀಗೆ ಬೇಲಿಯೊಳಗೆ ಬೆಳೆದ ಗಿಡ ನಮ್ಮ ಈ ಉದ್ಯಮ.

ಈಚಿನ ಸಂಗತಿಯನ್ನೂ ನೋಡಿ. ಚೀನಾದ ರೇಷ್ಮೆ ನೂಲು ತೀರ ಕಡಿಮೆ ಬೆಲೆಗೆ ಬಂದು ಬೀಳುತ್ತಿದೆ ಎಂದು 2003ರಲ್ಲಿ ಅದರ ಮೇಲೆ ವಿಶೇಷ ಸುಂಕ ಹಾಕಿದರು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಮಾಮೂಲು ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಒಂದೇ ಸಲ ಇಳಿಸಿದರು. ಆ ವರ್ಷ ಗೂಡಿನ ಧಾರಣೆ ಬಿದ್ದು, ರೈತರು ಬೀದಿಗೆ ಬಂದದ್ದು ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ನೆನಪಿದ್ದೀತು. 2013ರಲ್ಲಿ ಸುಂಕವನ್ನು ಮತ್ತೆ 15ಕ್ಕೆ ಏರಿಸಿದರು. ನಡುವೆ 10ಕ್ಕೆ ಇಳಿದಿದ್ದುದನ್ನು 2021ರಲ್ಲಿ ಪುನಃ 15 ಮಾಡಿದರು.

ಒಂದು ಮಾತು ಗಮನಿಸಿ. ನೀವು ಒಮ್ಮೆ ನೆಟ್ಟ ಹಿಪ್ಪುನೇರಳೆ ತೋಟ ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ಸುಂಕವೋ, ಯಾವ ಬಜೆಟ್ಟಿನಲ್ಲಿ ಬೇಕಾದರೂ ಬದಲಾಗಬಹುದು. ತೋಟದ ಆಯುಸ್ಸಿಗೂ ಸುಂಕದ ಆಯುಸ್ಸಿಗೂ ತಾಳೆಯಿಲ್ಲ. ಆದ್ದರಿಂದ ಸುಂಕವೊಂದನ್ನೇ ನಂಬಿ ಸಾಲ ಮಾಡಬಾರದು.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಬೆಲೆಗಳು ತಿಳಿವಳಿಕೆಗಾಗಿ ಹಿಡಿದವು, ಇವತ್ತಿನ ಪೇಟೆ ಧಾರಣೆಯಲ್ಲ. ಪರದೇಶದ ನೂಲು ಬಂದರಿಗೆ ಬಂದಾಗ ಕಿಲೋಗೆ 3,000 ರೂಪಾಯಿ ಎನ್ನಿ. ಶೇಕಡ 15 ಸುಂಕ ಸೇರಿದರೆ 3,450 ಆಯಿತು. ನಮ್ಮ ನೂಲೂ ಅದೇ ಬೆಲೆಗೆ ಮಾರುತ್ತದೆ ಎಂದಿಟ್ಟುಕೊಳ್ಳಿ. ನೂಲು ಬಿಚ್ಚುವ ಖರ್ಚು, ಕೂಲಿ, ಸೌದೆ, ರೀಲರನ ಲಾಭ ಎಲ್ಲ ಸೇರಿ 500 ರೂಪಾಯಿ ಕಳೆದರೆ, ಗೂಡು ಕೊಳ್ಳಲು ಅವನ ಕೈಯಲ್ಲಿ ಉಳಿಯುವುದು 2,950.

ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬುದನ್ನು ರೀಲರುಗಳು ರೆಂಡಿಟ್ಟಾ ಎನ್ನುತ್ತಾರೆ. ನಿಮ್ಮ ಗೂಡು ಏಳೂವರೆ ಕಿಲೋ ಬೇಕಾದರೆ, ರೀಲರು ಕಿಲೋಗೆ ಕೊಡಬಲ್ಲದ್ದು ಸುಮಾರು 393 ರೂಪಾಯಿ. ಸುಂಕವೇ ಇಲ್ಲ ಎನ್ನಿ, ಆಗ ಗೂಡಿಗೆ ಉಳಿಯುವುದು 2,500, ಕಿಲೋಗೆ 333. ಅಂದರೆ ಸರ್ಕಾರದ ಸುಂಕದಿಂದ ನಿಮಗೆ ಕಿಲೋಗೆ 60 ರೂಪಾಯಿ ಸಿಕ್ಕಿತು. ಇದು ಸಣ್ಣ ಮೊತ್ತವಲ್ಲ. ಸುಂಕ ಬೇಡ ಎನ್ನುವವರು ಇದನ್ನು ಮರೆಯಬಾರದು.

ಇನ್ನೊಂದು ಬಗೆ ನೋಡಿ. ಸುಂಕ ಪೂರ್ತಿ ಹೋಯಿತು, ಆದರೆ ನಿಮ್ಮ ಗೂಡು ಏಳೂವರೆಯ ಬದಲು ಆರೂವರೆ ಕಿಲೋಗೇ ಒಂದು ಕಿಲೋ ನೂಲು ಕೊಡುತ್ತದೆ. 2,500ನ್ನು ಆರೂವರೆಯಿಂದ ಭಾಗಿಸಿ. ಕಿಲೋಗೆ 385 ರೂಪಾಯಿ! ಸುಂಕವಿದ್ದಾಗ ಬಂದ 393ಕ್ಕೆ ಎಂಟು ರೂಪಾಯಿ ಮಾತ್ರ ಕಡಿಮೆ. ದೆಹಲಿಯಲ್ಲಿ ಹಾಕುವ ಸುಂಕದಷ್ಟೇ ಬಲ ನಿಮ್ಮ ಹುಳುಮನೆಯ ಚಂದ್ರಿಕೆಯಲ್ಲೂ ಇದೆ ಎಂದಾಯಿತು. ಸುಂಕವೂ ಇದ್ದು ಗೂಡೂ ಒಳ್ಳೆಯದಾದರೆ 454 ರೂಪಾಯಿ. ಅದು ನಿಜವಾದ ಲಾಭ.

ಇನ್ನು ನೇಕಾರರ ಕಡೆಯ ಮಾತು. ಒಂದು ಸೀರೆಗೆ ಅರ್ಧ ಕಿಲೋ ನೂಲು ಹಿಡಿದರೆ, ಮೇಲಿನ ಲೆಕ್ಕದಲ್ಲಿ ಸುಂಕದಿಂದ ಅವರಿಗೆ ಸೀರೆಯೊಂದಕ್ಕೆ 225 ರೂಪಾಯಿ ಹೆಚ್ಚು ಖರ್ಚು. ಕೊಳ್ಳುವವರು ಅಷ್ಟು ಹೆಚ್ಚು ಕೊಟ್ಟರೆ ಸರಿ. ಕೊಡದಿದ್ದರೆ ಮಗ್ಗದ ಕೂಲಿಗೆ ಕತ್ತರಿ ಬೀಳುತ್ತದೆ, ಇಲ್ಲವೆ ನೇಕಾರರು ರೇಷ್ಮೆ ಬಿಟ್ಟು ಪಾಲಿಯೆಸ್ಟರ್ ನೂಲಿಗೆ ಹೋಗುತ್ತಾರೆ. ಹಾಗೆ ಹೋದರೆ ನಿಮ್ಮ ಗೂಡಿಗೆ ಗಿರಾಕಿ ಯಾರು? ನೂಲಿಗೆ ಮಾತ್ರ ಸುಂಕ ಬಿಗಿದು ಬಟ್ಟೆಗೆ ಸಡಿಲ ಬಿಟ್ಟರೂ ಕೆಡುಕೇ: ನೂಲು ಬರುವ ಬದಲು ನೇಯ್ದ ಬಟ್ಟೆಯೇ ಬಂದಿಳಿಯುತ್ತದೆ. ಸುಂಕ ಅತಿಯಾದರೆ ಕಳ್ಳ ಸಾಗಾಣಿಕೆಗೂ ಆಸೆ ಹುಟ್ಟುತ್ತದೆ.

ಜಪಾನಿನಲ್ಲಿ ಇಂಥದ್ದೇ ಆಯಿತು. ಒಂದು ಕಾಲಕ್ಕೆ ಪ್ರಪಂಚಕ್ಕೆಲ್ಲ ರೇಷ್ಮೆ ಕಳಿಸುತ್ತಿದ್ದ ದೇಶ ಅದು. 1929ರಲ್ಲಿ ಅಲ್ಲಿ ಹುಳು ಸಾಕುತ್ತಿದ್ದ ಮನೆಗಳು 22 ಲಕ್ಷ. ಸಾಕಣೆದಾರರನ್ನು ಉಳಿಸಬೇಕೆಂದು 1970ರ ದಶಕದಲ್ಲಿ ಅಲ್ಲಿನ ಸರ್ಕಾರ ಕಚ್ಚಾ ರೇಷ್ಮೆಯ ಆಮದನ್ನು ಬಿಗಿಹಿಡಿಯಿತು. ಕ್ಯೋಟೋ ನಗರದ ನಿಶಿಜಿನ್ ನೇಕಾರರು ಹೊರಗಿನ ಪೇಟೆಗಿಂತ ಬಹಳ ಹೆಚ್ಚಿನ ಬೆಲೆಗೆ ನೂಲು ಕೊಳ್ಳಬೇಕಾಯಿತು. ಅವರು ಕೋರ್ಟಿಗೂ ಹೋದರು, 1990ರಲ್ಲಿ ಮೇಲಿನ ನ್ಯಾಯಾಲಯದಲ್ಲಿ ಸೋತರು. ಇಷ್ಟಾಗಿಯೂ ಹುಳು ಸಾಕುವವರು ಉಳಿದರೇ? ಇಲ್ಲ. ಈಗ ಅಂಥ ಮನೆಗಳು ಇನ್ನೂರನ್ನೂ ದಾಟುವುದಿಲ್ಲ. ಪೇಟೆಪಟ್ಟಣದ ಕೂಲಿ ಏರಿದ್ದು, ನೈಲಾನು ಬಂದದ್ದು, ಕಿಮೋನೋ ಉಡುವವರು ಕಡಿಮೆಯಾದದ್ದು, ಇವೂ ಕಾರಣಗಳೇ. ಆದರೆ ಬೇಲಿಯೊಂದೇ ಹೊಲವನ್ನು ಉಳಿಸಲಾರದು ಎಂಬುದಂತೂ ಸ್ಪಷ್ಟ.

ಹಾಗಾದರೆ ಸುಂಕ ಬೇಡವೇ? ಬೇಡ ಎಂದು ನಾನು ಹೇಳುತ್ತಿಲ್ಲ. ಎಳೆ ಸಸಿಗೆ ಬೇಲಿ ಬೇಕು. ಹೊರಗಿನವರು ಬೇಕೆಂದೇ ಅಗ್ಗದ ಮಾಲು ಸುರಿದಾಗ ತಡೆಯೂ ಬೇಕು. ಸುಂಕ ತೆಗೆಯುವುದಾದರೆ ಮುಂಚಿತವಾಗಿ ತಿಳಿಸಿ, ಹಂತ ಹಂತವಾಗಿ ತೆಗೆಯಬೇಕು. 30ರಿಂದ 5ಕ್ಕೆ ಒಂದೇ ದಿನ ಇಳಿಸಿದರೆ ಬಡ ರೈತ ಸುಧಾರಿಸಿಕೊಳ್ಳಲು ಸಮಯವೆಲ್ಲಿ? ನಿಮ್ಮ ಸಂಘಗಳ ಮೂಲಕ ಈ ಮಾತನ್ನು ಗಟ್ಟಿಯಾಗಿ ಕೇಳಿ. ಆದರೆ ಬೇಲಿ ಇರುವಷ್ಟು ದಿನ ಒಳಗಿನ ಕೆಲಸ ನಡೆಯಬೇಕು.

ಆ ಕೆಲಸ ಯಾವುದು? ಕೇಳಿ.

ಒಂದು: ಮಳೆ ನೆಚ್ಚಿದ ಹಳೆಯ ತೋಟವಿದ್ದರೆ, ನೀರಿನ ಅನುಕೂಲ ನೋಡಿಕೊಂಡು ಮೈಸೂರಿನ ಸಂಶೋಧನಾ ಸಂಸ್ಥೆಯ ವಿ-1 ತಳಿಯ ಕಡ್ಡಿ ನೆಡಿ.

ಎರಡು: ಚಾಕಿ ಹುಳುವನ್ನು ನಂಬಿಕೆಯ ಚಾಕಿ ಕೇಂದ್ರದಿಂದಲೇ ತನ್ನಿ. ಮೊದಲೆರಡು ಜ್ವರ ಸರಿಯಾಗಿ ದಾಟಿದ ಹುಳು ಮುಂದೆ ಕೈಕೊಡುವುದು ಕಡಿಮೆ.

ಮೂರು: ಪ್ರತಿ ಬೆಳೆಗೂ ಮುಂಚೆ ಹುಳುಮನೆ, ತಟ್ಟೆ, ಚಂದ್ರಿಕೆಗಳಿಗೆ ಸೋಂಕು ನಿವಾರಣೆ ಮಾಡಿ. ಊಜಿ ನೊಣ ಬಾರದಂತೆ ಕಿಟಕಿ ಬಾಗಿಲಿಗೆ ಜಾಲರಿ ಹಾಕಿ.

ನಾಲ್ಕು: ಅನುಕೂಲವಿದ್ದವರು ದ್ವಿತಳಿ ಸಾಕಿ. ಅದರಲ್ಲಿ ನೂಲು ಹೆಚ್ಚು, ಎಳೆ ಉದ್ದ. ಪರದೇಶದ ನೂಲಿಗೆ ಎದುರು ನಿಲ್ಲಬಲ್ಲದ್ದು ಅದೇ.

ಐದು: ಅವಸರಪಟ್ಟು ಹಸಿ ಗೂಡು ಬಿಡಿಸಬೇಡಿ. ಮಿಶ್ರತಳಿಯನ್ನು ಐದಾರನೇ ದಿನ, ದ್ವಿತಳಿಯನ್ನು ಏಳನೇ ದಿನ ಬಿಡಿಸಿ. ಜೋಡಿ ಗೂಡು, ಕರೆಯಾದ ಗೂಡು, ತೆಳು ಗೂಡುಗಳನ್ನು ಆರಿಸಿ ಬೇರೆ ಹಾಕಿ ಮಾರುಕಟ್ಟೆಗೆ ಒಯ್ಯಿರಿ.

ನಮ್ಮ ದೇಶ ರೇಷ್ಮೆ ಬೆಳೆಯುವುದರಲ್ಲಿ ಚೀನಾದ ನಂತರ ಎರಡನೆಯದು. ಎಲ್ಲ ಬಗೆಯ ರೇಷ್ಮೆ ಸೇರಿ 2023-24ರಲ್ಲಿ ಸುಮಾರು 38,900 ಟನ್ ಬೆಳೆದೆವು. ಅದರಲ್ಲಿ ಕರ್ನಾಟಕದ್ದೇ ಮೊದಲ ಸ್ಥಾನ. ಉಡುವ ಜನ ನಮ್ಮಲ್ಲೇ ಇದ್ದಾರೆ, ನೇಯುವ ಕೈಗಳೂ ಇವೆ. ಬೇಲಿಯ ಕಾವಲು ಸರ್ಕಾರದ್ದು, ಬೆಳೆಯ ಕಸುವು ನಿಮ್ಮದು. ಮುಂದಿನ ಬೆಳೆಯಲ್ಲಿ ನಿಮ್ಮ ಗೂಡು ಎಷ್ಟು ಕಿಲೋಗೆ ಒಂದು ಕಿಲೋ ನೂಲು ಕೊಟ್ಟಿತು ಎಂದು ರೀಲರನನ್ನು ಕೇಳಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಆ ಅಂಕಿ ಬೆಳೆಯಿಂದ ಬೆಳೆಗೆ ಇಳಿಯುತ್ತಾ ಬಂದರೆ, ಸುಂಕ ಏರಿದರೂ ಇಳಿದರೂ ನಿಮ್ಮ ಒಲೆ ಉರಿಯುತ್ತದೆ.