ಕಾರ್ಖಾನೆಯ ಕೀಲಿ ಯಾರ ಕೈಯಾಗ?

(ಕುಲಗೋಡದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಗೋಕಾಕ ಫಾಲ್ಸಿನ ನೂಲಿನ ಗಿರಣಿ ನೀವೆಲ್ಲ ನೋಡೀರಿ. 1885ರಲ್ಲಿ ಕಂಪನಿ ಆಯಿತು, 1887ರಲ್ಲಿ ಗಿರಣಿ ಶುರುವಾಯಿತು. 170 ಅಡಿ ಧುಮುಕುವ ನಮ್ಮ ಘಟಪ್ರಭೆಯ ಬಲದಿಂದಲೇ ಯಂತ್ರ ತಿರುಗಿದವು. ಎಷ್ಟೋ ಮನೆಗಳಿಗೆ ಕೂಲಿ ಸಿಕ್ಕಿತು, ಇಲ್ಲ ಅನ್ನುವುದಿಲ್ಲ. ಆದರೆ ಹತ್ತಿ ಬೆಳೆದವನು ಹತ್ತಿ ಮಾರಿ ಮನೆಗೆ ಬಂದ, ಅಷ್ಟೆ. ನೂಲಿನ ಲಾಭದಲ್ಲಿ ಅವನಿಗೆ ಪಾಲಿಲ್ಲ, ಕಂಪನಿಯ ಸಭೆಯಲ್ಲಿ ಓಟಿಲ್ಲ.

ಅದೇ ಕಾಲಕ್ಕೆ ಯುರೋಪಿನಲ್ಲಿ ಡೆನ್ಮಾರ್ಕ್ ಎಂಬ ಸಣ್ಣ ದೇಶ ಬೇರೆ ದಾರಿ ಹಿಡಿಯಿತು. ಅಲ್ಲಿ ಕಲ್ಲಿದ್ದಲಿಲ್ಲ, ಕಬ್ಬಿಣವಿಲ್ಲ. 1864ರ ಯುದ್ಧದಲ್ಲಿ ಸೋತು ದೊಡ್ಡ ಸೀಮೆಯನ್ನೇ ಕಳೆದುಕೊಂಡಿತ್ತು. 1870ರ ನಂತರ ಅಮೆರಿಕದ ಅಗ್ಗದ ಧಾನ್ಯ ಹಡಗಿನಲ್ಲಿ ಬಂದು ಕಾಳಿನ ಬೆಲೆ ಬಿತ್ತು. ಇದು ನಮಗೆ ಹೊಸ ಕಥೆಯೇನ್ರಿ?

ಅಲ್ಲಿಯ ರೈತ ಕಾಳು ಮಾರುವುದು ಬಿಟ್ಟು ದನಕ್ಕೆ ತಿನಿಸಿದ, ಬೆಣ್ಣೆ ಮಾಡಿ ಇಂಗ್ಲೆಂಡಿಗೆ ಮಾರಿದ. 1882ರಲ್ಲಿ ಯೆಡ್ಡಿಂಗ್ ಎಂಬ ಹಳ್ಳಿಯವರು ಕೂಡಿ ಸಹಕಾರಿ ಡೇರಿ ಕಟ್ಟಿದರು. ಅದನ್ನು ನೋಡಿ ಊರೂರಿಗೆ ಡೇರಿ ಎದ್ದವು. ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು. ಲಾಭ ಹಾಕಿದ ಹಾಲಿನಂತೆ, ಓಟು ಮಾತ್ರ ತಲೆಗೊಂದು. ಐವತ್ತು ಆಕಳ ಧಣಿಗೂ ಒಂದೇ, ಎರಡು ಆಕಳ ಬಡವನಿಗೂ ಒಂದೇ. ಮುಂದೆ ಡೇರಿ ಯಂತ್ರ ಮಾಡುವ ಕಾರ್ಖಾನೆಗಳೂ ಬೆಳೆದವು. ಉದ್ಯಮ ಹೊಲದಿಂದಲೇ ಹುಟ್ಟಿತು.

ಇದಕ್ಕೆ ಆಸರೆಯಾದದ್ದು ಮೂರು. ಬಹಳಷ್ಟು ಭೂಮಿ ಉಳುವವನದೇ ಆಗಿತ್ತು. 1814ರಿಂದ ಮಕ್ಕಳಿಗೆ ಕಡ್ಡಾಯ ಶಿಕ್ಷಣವಿದ್ದುದರಿಂದ ರೈತ ಲೆಕ್ಕ ಓದಬಲ್ಲವನಾಗಿದ್ದ. 1850ರ ಕಾಯದೆಯಿಂದ ಸಾಲ ಪಡೆಯುವವರೇ ಕೂಡಿದ ಸಂಘಗಳು ಭೂಮಿಯ ಒತ್ತೆಯ ಮೇಲೆ ದೀರ್ಘಾವಧಿ ಸಾಲ ಕೊಡುತ್ತಿದ್ದವು.

ನಮ್ಮಿಂದ ಆಗೂದಿಲ್ಲ ಅನ್ನಬ್ಯಾಡ್ರಿ. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆಯಿತು. ಇವತ್ತಿಗೂ ಅಲ್ಲಿಯ ಹಳ್ಳಿಗಳಿಗೆ ಕರೆಂಟು ಕೊಡುವುದು ಅದೇ. ಸಹಕಾರಿ ಸಕ್ಕರೆ ಕಾರ್ಖಾನೆಗಳಿಗೂ ಶೇರು ಹಾಕಿದವರು ನಾವೇ. ಆದರೆ ಶೇರು ಹಾಕಿ ಮನೆಯಲ್ಲಿ ಕುಂತೆವು. ವಾರ್ಷಿಕ ಸಭೆಗೆ ಹೋದವರೂ ಊಟ ಮಾಡಿ ಬಂದೆವು, ಲೆಕ್ಕ ಕೇಳಲಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೈಗೆ ಬರಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15 ಬಡ್ಡಿ. ಆ ಬಡ್ಡಿ ನಾವೆಷ್ಟು ಮಂದಿ ಕೇಳೀವಿ? ನಮ್ಮ ಸಾಲಕ್ಕೆ ಯಾವ ಬ್ಯಾಂಕಾದರೂ ಒಂದು ದಿನದ ಬಡ್ಡಿ ಬಿಟ್ಟೈತೇನು?

ಕಾರ್ಖಾನೆ ಬಂದಮಾತ್ರಕ್ಕೆ ಹಳ್ಳಿ ಉದ್ಧಾರವಾಗುವುದಿಲ್ಲ. ಬೆಳೆದವನ ಕೈಯಲ್ಲಿ ಲೆಕ್ಕದ ಪುಸ್ತಕ ಇರಬೇಕು. ಮುಂದಿನ ವಾರ್ಷಿಕ ಸಭೆಗೆ ಎಲ್ಲರೂ ಬರ್ರಿ. ಊಟಕ್ಕಲ್ಲ, ಲೆಕ್ಕ ಕೇಳಲಿಕ್ಕೆ.